ಹತ್ತು ವರ್ಷದ ಗುತ್ತಿಗೆ, ಬಾರದ ಕ್ರಯಪತ್ರ

ದಾವಣಗೆರೆ–ಹರಿಹರದಲ್ಲಿ ಪ್ರಾಧಿಕಾರದ ಸೈಟು ಅಂದ್ರೆ ದೂಡಾ ಸೈಟು. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಡಿ ಹಂಚಿದ ಇಂಥ ಸೈಟುಗಳಿಗೆ ಮೊದಲು ಸಿಗ್ತಿದ್ದದ್ದು ಲೀಸ್-ಕಂ-ಸೇಲ್ ಕರಾರು. ದುಡ್ಡು ಪೂರ್ತಿ ಕಟ್ಟಿದ್ರೂ 10 ವರ್ಷ ನೀವು ಗುತ್ತಿಗೆದಾರರು, ಆಮೇಲೆ ಕ್ರಯಪತ್ರ. ಸೈಟಿನ ದಂಧೆ ತಡೆಯೋದು ಉದ್ದೇಶ. ಆದ್ರೆ ಮಗಳ ಮದುವೆ, ಆಸ್ಪತ್ರೆ ಖರ್ಚು ಹತ್ತು ವರ್ಷ ಕಾಯುತ್ವಾ? ಜನ ಜಿಪಿಎ ಬರೆದುಕೊಟ್ಟು ಮಾರಿದ್ರು.

2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಜಿಪಿಎಯಿಂದ ಮಾಲೀಕತ್ವ ಬರಲ್ಲ. ಹಾಗಾಗಿ ಮನೆ ಕಟ್ಟಿದವರು ಒಬ್ಬರು, ದಾಖಲೆಯಲ್ಲಿ ಇರೋರು ಇನ್ನೊಬ್ಬರು. ಅವರು ತೀರಿಕೊಂಡ್ರೆ ವಾರಸುದಾರರ ಮನೆ ಬಾಗಿಲು ಕಾಯಬೇಕು.

ಸುಧಾರಣೆ ದೊಡ್ಡದೇನಲ್ಲ. ಅವಧಿ ಮುಗಿದ ಕೂಡ್ಲೇ ಪ್ರಾಧಿಕಾರವೇ ನೋಟಿಸ್ ಕಳಿಸಿ ಕ್ರಯಪತ್ರ ಮಾಡಿಕೊಡಲಿ. ಅಲ್ಲಿವರೆಗೆ, ಕೊಳ್ಳೋರೇ, ಅಡ್ವಾನ್ಸ್ ಕೊಡೋ ಮೊದಲು ಒಂದೇ ಪ್ರಶ್ನೆ ಕೇಳಿ: ಕ್ರಯಪತ್ರ ಆಗಿದೆಯಾ?