ಕಡತದಿಂದ ಕ್ರಮವಿಧಿಗೆ: ಇನ್ನೊಬ್ಬರು ಓದಬೇಕಾದ ಲೆಕ್ಕ

ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವೆ. ಗಣಕಯಂತ್ರದೊಳಗಿನ ಫೈಲಿಗೂ ಈಗ ಅದೇ ಹೆಸರು. ಮೂಲದಲ್ಲಿ ಕಡತವೆಂದರೆ ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಪುಸ್ತಕದಂತೆ ಮಡಚಿ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ. ಗದ್ಯಾಣವೆಂಬ ನಾಣ್ಯಕ್ಕೆ ‘ಗ’ ಎಂದು ಒಂದೇ ಅಕ್ಷರ ಬರೆಯುವ ರೂಢಿ ನಮ್ಮ ಹಳೆಯ ಬರಹಗಳಲ್ಲುಂಟು. ಅಂದಿನವರಿಗೆ ಅದು ಸಾಕಾಗಿತ್ತು. ಇಂದು ಓದುವವರಿಗೆ ಬಲ್ಲವರ ನೆರವು ಬೇಕು. ಸಂಖ್ಯಾಶಾಸ್ತ್ರದ ಲೆಕ್ಕಕ್ಕಾಗಿ ಗಣಕಕ್ಕೆ ಬರೆಯುವ ಕ್ರಮವಿಧಿಗಳಲ್ಲಿಯೂ ಇದೇ ತೊಡಕು ತಲೆದೋರುತ್ತದೆ.

ಮಲೆನಾಡಿನಲ್ಲಿ ಅಂಥ ಲೆಕ್ಕದ ಅಗತ್ಯವನ್ನು ತಂದುದು ಕಾಫಿ. ಎಲೆರೋಗದ ಕಾಟಕ್ಕೆ ಪರಿಹಾರ ಹುಡುಕಲು 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕ ಆರಂಭವಾಯಿತು. 1925ರಲ್ಲಿ ಮೈಸೂರು ಸರ್ಕಾರ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನ ಸಮೀಪ ಕಾಫಿ ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಆರ್.ಎ. ಫಿಶರ್ ಅವರ ಸಂಖ್ಯಾಶಾಸ್ತ್ರ ವಿಧಾನಗಳ ಪುಸ್ತಕ ಹೊರಬಂದುದು ಕೇವಲ ಕಾಕತಾಳೀಯ. ಆದರೆ ಅವರ ವಿಧಾನಗಳಿಲ್ಲದೆ ಬೆಳೆ ಪ್ರಯೋಗಗಳ ಫಲವನ್ನು ತೂಗಿ ನೋಡುವುದು ಮುಂದೆ ಸಾಧ್ಯವೇ ಇರಲಿಲ್ಲ.

ಬಾಳೆಹೊನ್ನೂರಿನ ಹೆಸರಾಂತ ತಳಿ ಎಸ್.795. ಎಸ್.288ಕ್ಕೂ ಕೆಂಟ್ ತಳಿಗೂ ಸಂಕರ ಮಾಡಿ ಪಡೆದ ಈ ಗಿಡ 1940ರ ದಶಕದ ನಡುವಿನಲ್ಲಿ ಬೆಳೆಗಾರರ ಕೈಸೇರಿತು. ‘ಎಸ್’ ಎಂದರೆ ಆಯ್ಕೆ. ಅಂಕಿ ಆ ಆಯ್ಕೆಯ ಗುರುತು. ಹೆಸರು ಚಿಕ್ಕದಾದರೂ ತೊಂದರೆಯಿಲ್ಲ, ಏಕೆಂದರೆ ವಂಶಾವಳಿಯನ್ನು ಹೇಳುವ ದಾಖಲೆ ಬೇರೆಯಾಗಿ ಇದೆ. ಅಂಥ ದಾಖಲೆಯೂ ಇಲ್ಲದೆ ಚಿಕ್ಕ ಹೆಸರಿಟ್ಟರೆ ಏನಾದೀತು?

ಗಣಕದ ಮೊದಲ ದಿನಗಳಲ್ಲಿ ಹಾಗೆಯೇ ಆಯಿತು. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯಲ್ಲಿ ಒಂದು ಹೆಸರಿಗೆ ಆರು ಅಕ್ಷರಗಳ ಮಿತಿ. ಬರೆಯುವವರು ಎಕ್ಸ್1, ಎಕ್ಸ್2 ಎಂದು ಬರೆದು ಮುಗಿಸಿದರು. 1974ರಲ್ಲಿ ಕರ್ನಿಗನ್ ಮತ್ತು ಪ್ಲಾಗರ್ ಕ್ರಮವಿಧಿಯ ಶೈಲಿಯ ಮೇಲೆಯೇ ಪುಸ್ತಕ ಬರೆದರು. 1984ರಲ್ಲಿ ಡೊನಾಲ್ಡ್ ಕ್ನೂತ್, ಕ್ರಮವಿಧಿಯನ್ನು ಮನುಷ್ಯರು ಓದುವ ಪ್ರಬಂಧದಂತೆ ಬರೆಯಬೇಕೆಂದು ವಾದಿಸಿದರು. ಇಂದು ಸಂಖ್ಯಾಶಾಸ್ತ್ರಜ್ಞರು ಬಹುವಾಗಿ ಬಳಸುವ ‘ಆರ್’ ಭಾಷೆಯ ಮೊದಲ ಪೂರ್ಣ ಆವೃತ್ತಿ ಬಂದುದು 2000ದಲ್ಲಿ. ಅದರಲ್ಲಿ ಆರಕ್ಷರದ ಕಟ್ಟಿಲ್ಲ. ಎಕ್ಸ್1 ಬರೆಯುವ ಅಭ್ಯಾಸ ಮಾತ್ರ ಹೋಗಿಲ್ಲ!

ಇದು ಬರಿಯ ಅಂದಚೆಂದದ ಮಾತಲ್ಲ. ತೋಟದವರು ಮಳೆಯನ್ನು ಇಂಚಿನಲ್ಲಿ ಹೇಳುತ್ತಾರೆ, ಇಲಾಖೆಗಳು ಮಿಲಿಮೀಟರಿನಲ್ಲಿ ಬರೆಯುತ್ತವೆ. ಒಂದಿಂಚಿನ ಹೂಮಳೆ ಎಂದರೆ 25.4 ಮಿ.ಮೀ. ಅಂಕಣದ ಹೆಸರು ಬರಿಯ ‘ಮಳೆ’ ಎಂದಿದ್ದು, ಕ್ರಮವಿಧಿ ಆ ‘1’ ಅನ್ನು ಮಿಲಿಮೀಟರೆಂದು ಓದಿದರೆ, ಆ ವರ್ಷ ಹೂಮಳೆಯೇ ಬರಲಿಲ್ಲ ಎಂಬ ತೀರ್ಮಾನಕ್ಕೆ ಬರುತ್ತೇವೆ. ‘ಮಳೆ_ಇಂಚು’ ಎಂದು ಬರೆಯಲು ಎಷ್ಟು ಹೊತ್ತು ಬೇಕು?

ಇನ್ನೊಂದು ಅಪಾಯ, ಅಳೆಯದೆ ಬಿಟ್ಟ ದಿನ. ಅಂಥ ದಿನಕ್ಕೆ 999 ಎಂದು ತುಂಬುವ ಪದ್ಧತಿಯಿತ್ತು. ಒಂಬತ್ತು ದಿನ 20 ಮಿ.ಮೀ.ನಂತೆ ಮಳೆ ಬಿದ್ದು ಹತ್ತನೆಯ ದಿನ ಅಳೆಯಲಿಲ್ಲವೆನ್ನಿ. 999ರ ಅರ್ಥ ತಿಳಿಯದವನ ಕೈಯಲ್ಲಿ ಸರಾಸರಿ 20 ಹೋಗಿ 117.9 ಆಗುತ್ತದೆ. ಗಣಕ ದೂರುವುದಿಲ್ಲ, ಕೂಡಿ ಭಾಗಿಸಿ ಕೊಡುತ್ತದೆ.

ಕಾಫಿಗಿಡ ಫಸಲಿಗೆ ಬರಲು ವರ್ಷಗಳು ಬೇಕು. ಒಂದು ವರ್ಷ ಹೆಚ್ಚು ಬಿಟ್ಟರೆ ಮರುವರ್ಷ ಕಡಿಮೆ. ಆದ್ದರಿಂದ ಒಂದು ಪ್ರಯೋಗದ ಅಂಕಿಗಳು ಅನೇಕರ ಕೈ ದಾಟಿ ಬರುತ್ತವೆ. ಮೊದಲು ಬರೆದವರಿಗೆ ವರ್ಗವಾಗಿರುತ್ತದೆ, ಇಲ್ಲವೆ ಅವರು ನಿವೃತ್ತರಾಗಿರುತ್ತಾರೆ. ‘ಏಳನೆಯ ಪಾತಿಯನ್ನು ಬಿಡು’ ಎಂಬ ಒಂದು ಸಾಲು ಕ್ರಮವಿಧಿಯಲ್ಲಿದ್ದರೆ, ಬಿಟ್ಟಿದ್ದೇನೆ ಎಂದು ಪಕ್ಕದಲ್ಲಿ ಮತ್ತೆ ಟಿಪ್ಪಣಿ ಬರೆಯುವುದು ವ್ಯರ್ಥ. ಅದು ಸಾಲಿನಲ್ಲೇ ಇದೆ. ಏಕೆ ಬಿಟ್ಟದ್ದು? ಆಷಾಢದ ಗಾಳಿಗೆ ನೆರಳಿನ ಮರ ಉರುಳಿ ಗಿಡಗಳು ಮುರಿದವು ಎಂದು ಅಲ್ಲಿ ಬರೆದಿಟ್ಟರೆ ಇಪ್ಪತ್ತು ವರ್ಷದ ಮೇಲೆ ಕಡತ ತೆರೆದವನೂ ಆ ಪಾತಿಯನ್ನು ಕಣ್ಣಾರೆ ಕಂಡಂತೆ ಕೆಲಸ ಮುಂದುವರಿಸಬಲ್ಲ.