ಮೆರವಣಿಗೆ ಮತ್ತು ವೀಳ್ಯ: ಹಾನಗಲ್ಲು-ಸವಣೂರು ಸೀಮೆಯ ಆಸ್ಥಾನಮರ್ಯಾದೆಗಳು ಮತ್ತು ಅವುಗಳ ಪುನರಭಿನಯ

ಮಧ್ಯಯುಗದ ಅರಸುತನದ ವೈಭವವನ್ನು ವೇಷಭೂಷಣಗಳಿಂದ ಮರಳಿ ಅಭಿನಯಿಸಿ ತೋರಿಸುವ ಸಂಪ್ರದಾಯವು ಇಂದು ಅನೇಕ ದೇಶಗಳಲ್ಲಿ ಬೆಳೆದಿದೆ. 1966ರಲ್ಲಿ ಅಮೆರಿಕದ ಬರ್ಕ್ಲಿ ನಗರದಲ್ಲಿ ಆರಂಭವಾದ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ’ ಎಂಬ ಸಂಘವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಅಂತಹ ಸಂಘಗಳಲ್ಲಿ ರಾಜರಾಣಿಯರ ಮೆರವಣಿಗೆ ಒಂದು ಅಂಗ. ಔತಣದ ಸಭೆಯಲ್ಲಿ ಪಾನಪಾತ್ರೆಯನ್ನೆತ್ತಿ ಒಡೆಯನ ಕ್ಷೇಮವನ್ನು ಕೋರುವುದು ಇನ್ನೊಂದು ಅಂಗ. ನಮ್ಮ ನಾಡಿನಲ್ಲಿಯೂ ಬನವಾಸಿಯ ಕದಂಬೋತ್ಸವ, ಹಂಪಿಯ ಉತ್ಸವ, ಮೈಸೂರಿನ ದಸರಾ ಮೊದಲಾದವುಗಳಲ್ಲಿ ಮೆರವಣಿಗೆಯೇನೋ ವಿಜೃಂಭಣೆಯಿಂದ ನಡೆಯುತ್ತದೆ. ಆದರೆ ಅದಕ್ಕೆ ಜೊತೆಯಾಗಿದ್ದ ಸಭಾಮರ್ಯಾದೆಯು ಬಹುಮಟ್ಟಿಗೆ ಮರೆಯಾಗಿದೆ. ಪಾನಪಾತ್ರೆಯ ಸ್ಥಾನದಲ್ಲಿ ಕನ್ನಡ ಆಸ್ಥಾನಗಳಲ್ಲಿದ್ದುದು ವೀಳ್ಯ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಆಧಾರಗಳಿಂದ ಈ ಎರಡು ಆಚಾರಗಳ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮೆರವಣಿಗೆಯ ಅರ್ಥ

ಪಾನುಂಗಲ್ ಐನೂರನ್ನು ಆಳಿದ ಹಾನಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರಾಗಿದ್ದರು. ಶಾಸನಗಳಲ್ಲಿ ಅವರ ಬಿರುದುಗಳನ್ನು ಓದುತ್ತ ಹೋದಂತೆ ಒಂದು ಮೆರವಣಿಗೆಯೇ ಕಣ್ಣ ಮುಂದೆ ಸಾಗಿದಂತಾಗುತ್ತದೆ. ಅವರ ಧ್ವಜದ ಮೇಲೆ ವಾನರ, ಲಾಂಛನದಲ್ಲಿ ಸಿಂಹ. ಅವರ ಮುಂದೆ ಮೊಳಗುತ್ತಿದ್ದುದು ಪೆರ್ಮಟ್ಟಿ ಎಂಬ ತೂರ್ಯ. ಇವುಗಳ ಜೊತೆಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ವಿಶೇಷಣವೂ ಇದೆ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳನ್ನು ಪಂಚಮಹಾಶಬ್ದಗಳೆಂದು ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯು ಎಣಿಸುತ್ತದೆ. ಇಲ್ಲಿ ‘ಸಮಧಿಗತ’, ಎಂದರೆ ‘ಪಡೆದ’, ಎಂಬ ಶಬ್ದವೇ ಮುಖ್ಯವಾದುದು. ಆ ವಾದ್ಯಗಳನ್ನು ನುಡಿಸಿಕೊಂಡು ಹೋಗುವುದು ಸ್ವೇಚ್ಛೆಯ ಮಾತಾಗಿರಲಿಲ್ಲ. ಅದು ಪದವಿಯೊಡನೆ ಬಂದ ಅಧಿಕಾರ. ಆದುದರಿಂದ ದಾರಿಯಲ್ಲಿ ನಿಂತು ಕೇಳುತ್ತಿದ್ದ ಪ್ರಜೆಗೆ ವಾದ್ಯಘೋಷವೇ ಬರುವವನ ಅಂತಸ್ತನ್ನು ತಿಳಿಸುತ್ತಿತ್ತು.

2. ವೀಳ್ಯದ ಅರ್ಥ

ಮೆರವಣಿಗೆಯು ಅಂತಸ್ತನ್ನು ಸಾರಿದರೆ, ವೀಳ್ಯವು ವ್ಯಕ್ತಿಗಳನ್ನು ಮಾತಿಗೆ ಬದ್ಧರನ್ನಾಗಿ ಮಾಡುತ್ತಿತ್ತು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ತಾಂಬೂಲವು ರಾಜಭೋಗಗಳಲ್ಲಿ ಒಂದಾಗಿ ನಿರೂಪಿತವಾಗಿದೆ, ಮದಿರಾಪಾನವಾದರೋ ಕ್ರೀಡೆಗಳ ಸಾಲಿಗೆ ಸೇರಿದೆ. ಯುದ್ಧಕ್ಕೆ ಹೊರಡುವವನು ಒಡೆಯನ ಕೈಯಿಂದ ಪಡೆಯುವುದು ರಣವೀಳ್ಯ. ‘ವೀಳ್ಯ ಹಿಡಿಯುವುದು’ ಎಂದರೆ ಕಾರ್ಯವನ್ನು ಒಪ್ಪಿಕೊಳ್ಳುವುದು ಎಂಬ ಅರ್ಥವು ಇಂದಿಗೂ ಹಳ್ಳಿಗಳ ಮಾತಿನಲ್ಲಿ ಉಳಿದಿದೆ. ಅರಸನ ಎಲೆಯಡಿಕೆಯ ಚೀಲವಾದ ಹಡಪವನ್ನು ಹಿಡಿಯುವವನು ಅತ್ಯಂತ ನಂಬುಗೆಯವನಾಗಿರಬೇಕಾಗಿತ್ತು. ಬಸವಣ್ಣನವರ ಬಳಿಯಲ್ಲಿದ್ದ ಹಡಪದ ಅಪ್ಪಣ್ಣನ ಹೆಸರಿನಲ್ಲಿ ಆ ಉದ್ಯೋಗದ ನೆನಪು ಸ್ಥಿರವಾಗಿ ನಿಂತಿದೆ.

ಈ ಮರ್ಯಾದೆಯ ಕ್ರಮವನ್ನು ಪರದೇಶೀಯನೊಬ್ಬನು ಬರೆದಿಟ್ಟಿರುವುದು ನಮ್ಮ ಭಾಗ್ಯ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಮಹಾನವಮಿಯ ಉತ್ಸವವನ್ನು ಕಂಡು ಬೆರಗಾದನು. ಅರಸನನ್ನು ಕಂಡು ಬೀಳ್ಕೊಳ್ಳುವಾಗ ತನಗೆ ವೀಳ್ಯ, ಕರ್ಪೂರ ಹಾಗೂ ಐದುನೂರು ಫಣಗಳ ಚೀಲವನ್ನು ಕೊಡಲಾಯಿತೆಂದು ಅವನು ಹೇಳಿದ್ದಾನೆ. ಉತ್ಸವವು ಸಾವಿರಾರು ಜನರ ಕಣ್ಣಿಗಾಗಿ ನಡೆಯಿತು. ವೀಳ್ಯವು ಒಬ್ಬನ ಕೈಗೆ ಸಂದಿತು.

ಹೀಗೆ ಕಟ್ಟುಬಿದ್ದ ಮಾತಿನ ಬೆಲೆ ಎಷ್ಟೆಂಬುದನ್ನು ವೀರಗಲ್ಲುಗಳು ತಿಳಿಸುತ್ತವೆ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಹಾನಗಲ್ಲನ್ನು ಮುತ್ತಿದಾಗ ಕದಂಬ ಕಾಮದೇವನ ಸೇನಾನಿ ಸೋಹಣಿಯು ಹೋರಾಡಿ ಮಡಿದನು. ಸಾಮಾನ್ಯವಾಗಿ ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಶಿವಸನ್ನಿಧಿ. ನಡುವಿನ ಪಟ್ಟಿಕೆಯೂ ಒಂದು ಮೆರವಣಿಗೆಯೇ. ಆದರೆ ಅದು ಒಡೆಯನ ಋಣವನ್ನು ತೀರಿಸಿದವನಿಗೆ ಸಂದ ಮೆರವಣಿಗೆ.

ಆಚಾರವು ಸೇವಕನನ್ನು ಮಾತ್ರವಲ್ಲದೆ ಅರಸನನ್ನೂ ಬದ್ಧನನ್ನಾಗಿ ಮಾಡುತ್ತಿತ್ತು. ಹಿರೇಕೆರೂರು ತಾಲೂಕಿನ ಅಬ್ಬಲೂರಿನ ಶಾಸನದಂತೆ, ಅದೇ ಕಾಮದೇವನು ಏಕಾಂತದ ರಾಮಯ್ಯನನ್ನು ಹಾನಗಲ್ಲಿಗೆ ಬರಮಾಡಿಕೊಂಡು, ಅವನ ಪಾದಗಳನ್ನು ತೊಳೆದು, ಗ್ರಾಮವೊಂದನ್ನು ದತ್ತಿಯಾಗಿ ಕೊಟ್ಟನು. ಸಿಂಹಲಾಂಛನದ ಮಂಡಲೇಶ್ವರನು ಶರಣನೊಬ್ಬನ ಮುಂದೆ ಬಾಗಿ ಕುಳಿತುದು ಮೆರವಣಿಗೆಯ ಚಿತ್ರದಲ್ಲಿ ಎಂದಿಗೂ ಕಾಣದ ಸಂಗತಿ.

3. ಸವಣೂರಿನ ಸಾಕ್ಷ್ಯ

ನವಾಬರ ಕಾಲದಲ್ಲಿ ರೂಪ ಬದಲಾಯಿತು, ತತ್ತ್ವ ಬದಲಾಗಲಿಲ್ಲ. ದೇಶೀಯ ಸಂಸ್ಥಾನಗಳ ದರ್ಬಾರುಗಳಲ್ಲಿ ಅತ್ತರು ಮತ್ತು ಪಾನ್ ಕೊಡುವುದು ಸಭೆ ಮುಗಿಯಿತೆಂಬುದರ ಗೌರವಯುತ ಸೂಚನೆಯಾಗಿತ್ತು. ಸವಣೂರಿನ ಎಲೆಬಳ್ಳಿಯ ತೋಟಗಳೂ ಅಲ್ಲಿಯ ಎಲೆಯೂ ಪ್ರಸಿದ್ಧವಾಗಿವೆ. ಆದರೆ ಆಚಾರದಿಂದಾದ ಸಂಬಂಧಗಳು ಮುರಿಯುವುದೂ ಉಂಟು. 1779ರಲ್ಲಿ ಹೈದರಾಲಿಯ ಮನೆತನಕ್ಕೂ ನವಾಬ ಅಬ್ದುಲ್ ಹಕೀಮ್ ಖಾನನ ಮನೆತನಕ್ಕೂ ಎರಡು ವಿವಾಹಗಳ ಮೂಲಕ ಬೀಗತನ ಬೆಳೆಯಿತು. ಹೀಗಿದ್ದರೂ 1786ರಲ್ಲಿ ಟಿಪ್ಪು ಸುಲ್ತಾನನು ಸವಣೂರನ್ನು ವಶಪಡಿಸಿಕೊಂಡನು. ಸಂಸ್ಥಾನವು ಕೊನೆಗೆ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಸ್ಥಾನದ ವೈಭವವನ್ನು ಮಾತ್ರ ಅಭಿನಯಿಸಿದರೆ ಈ ವಿಶ್ವಾಸ ಮತ್ತು ವಿಶ್ವಾಸಭಂಗಗಳೆರಡೂ ಪ್ರೇಕ್ಷಕನ ಅರಿವಿಗೆ ಬರಲಾರವು.

4. ಇಂದಿನ ಪುನರಭಿನಯ

ಮೈಸೂರಿನ ದಸರಾ ಈ ಬದಲಾವಣೆಗೆ ಉತ್ತಮ ನಿದರ್ಶನ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಈ ಉತ್ಸವದಲ್ಲಿ ಅರಸನು ಕುಳಿತುಕೊಳ್ಳುತ್ತಿದ್ದ ಅಂಬಾರಿಯಲ್ಲಿ 1970ರ ದಶಕದಿಂದೀಚೆಗೆ ಚಾಮುಂಡೇಶ್ವರಿಯ ವಿಗ್ರಹವು ಸಾಗುತ್ತದೆ. ಅರಸು ಮತ್ತು ಸಾಮಂತರ ಸಂಬಂಧವಿಲ್ಲದ ಪ್ರಜಾಪ್ರಭುತ್ವದಲ್ಲಿ ಇದು ಉಚಿತವಾದ ಮಾರ್ಪಾಡೇ ಸರಿ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಕನಕದಾಸರ ಸ್ಮರಣಾರ್ಥವಾಗಿ ಅರಮನೆಯೊಂದನ್ನು ಹೊಸದಾಗಿ ಕಟ್ಟಲಾಗಿದೆ. ಕಟ್ಟಡವನ್ನು ಮರಳಿ ನಿರ್ಮಿಸಬಹುದು. ಅದರೊಳಗೆ ಯಾರು ಯಾರ ಮುಂದೆ ನಿಲ್ಲುತ್ತಿದ್ದರು, ಏನನ್ನು ಕೊಟ್ಟು ಏನನ್ನು ಪಡೆಯುತ್ತಿದ್ದರು ಎಂಬುದನ್ನು ಶಾಸನ ಮತ್ತು ಗ್ರಂಥಗಳಿಂದಲೇ ತಿಳಿಯಬೇಕು.

ಇದೇ ಸೀಮೆಯ ಜೀವಂತ ಆಚರಣೆಯೊಂದು ನಮಗೆ ದಾರಿ ತೋರಿಸುವಂತಿದೆ. ವೀರಭದ್ರನ ಗುಗ್ಗುಳದಲ್ಲಿ ಪುರವಂತರು ಖಡ್ಗ ಹಿಡಿದು, ಒಡಪು ಹೇಳುತ್ತ, ದಕ್ಷಯಜ್ಞಧ್ವಂಸದ ಕಥೆಯನ್ನು ಬೀದಿಯಲ್ಲಿ ಮರಳಿ ಮೂಡಿಸುತ್ತಾರೆ. ಅಲ್ಲಿ ಮೆರವಣಿಗೆಗೆ ಹರಕೆಯ ಕಟ್ಟು ಇದೆ. ಆದುದರಿಂದ ಅದು ಬರಿಯ ನೋಟವಾಗಿ ಉಳಿದಿಲ್ಲ.

ಕಾಲೇಜುಗಳ ಇತಿಹಾಸ ಸಂಘಗಳು ಕದಂಬರ ಆಸ್ಥಾನವನ್ನು ಅಭಿನಯಿಸುವಾಗ ಎರಡು ಸಂಗತಿಗಳನ್ನು ಲಕ್ಷ್ಯದಲ್ಲಿಡುವುದು ಒಳಿತು. ಮೊದಲನೆಯದು, ಧ್ವಜ, ಲಾಂಛನ, ವಾದ್ಯಗಳನ್ನು ಆಯಾ ಮನೆತನದ ಶಾಸನಗಳಿಂದಲೇ ನಿರ್ಣಯಿಸುವುದು. ವಾನರಧ್ವಜವಿರಬೇಕಾದಲ್ಲಿ ಸಿಂಹಧ್ವಜವನ್ನು ಹಿಡಿಯಬಾರದು. ಎರಡನೆಯದು, ಮೆರವಣಿಗೆಯನ್ನು ವೀಳ್ಯದ ಸಭೆಯಲ್ಲಿ ಮುಗಿಸಿ, ಕೊಟ್ಟವನ ಮತ್ತು ಪಡೆದವನ ಹೊಣೆಯೇನೆಂಬುದನ್ನು ಸಭಿಕರಿಗೆ ತಿಳಿಯುವಂತೆ ನುಡಿಸುವುದು. ಹಾಗೆ ಮಾಡಿದಲ್ಲಿ ವಿದ್ಯಾರ್ಥಿಯು ಸೋಹಣಿಯ ಮರಣಕ್ಕೂ ಆಸ್ಥಾನದ ಒಂದು ವೀಳ್ಯದೆಲೆಗೂ ಇದ್ದ ಸಂಬಂಧವನ್ನು ಗ್ರಹಿಸಬಲ್ಲನು.