ಅರಿಕೆಯಿಂದ ಪ್ರಶ್ನೆಗೆ

1881ರ ದಸರಾ. ಮೈಸೂರಿನ ಬೀದಿಗಳಲ್ಲಿ ಹಬ್ಬದ ಜನಸಂದಣಿ. ಆ ಸಂದಣಿಯ ನಡುವೆ 144 ಮಂದಿ ಹಬ್ಬದ ಜತೆಗೆ ಇನ್ನೊಂದು ಕೆಲಸವನ್ನೂ ಹೊತ್ತು ಬಂದಿದ್ದರು. ಸಂಸ್ಥಾನದ ತಾಲ್ಲೂಕುಗಳಿಂದ ಆರಿಸಿ ಕರೆಸಿದ ಹಿಡುವಳಿದಾರರು, ವರ್ತಕರು ಅವರು. ಅಕ್ಟೋಬರ್ 7ರಂದು ಅವರೆಲ್ಲ ದಿವಾನ್ ಸಿ. ರಂಗಾಚಾರ್ಲು ಅವರೆದುರು ಕುಳಿತರು. ಸರ್ಕಾರ ಏನು ಮಾಡಿದೆ, ಮುಂದೆ ಏನು ಮಾಡಲಿದೆ, ಬೊಕ್ಕಸದಲ್ಲಿ ಎಷ್ಟಿದೆ ಎಂಬುದನ್ನು ದಿವಾನರೇ ಪ್ರಜೆಗಳಿಗೆ ವಿವರಿಸಿದರು. ಮೈಸೂರು ಪ್ರಜಾಪ್ರತಿನಿಧಿ ಸಭೆ ಹುಟ್ಟಿದ್ದು ಹೀಗೆ.

ಕಾಲ ಎಂಥದೆಂದು ನೆನೆದರೆ ಈ ಹೆಜ್ಜೆಯ ಬೆಲೆ ತಿಳಿಯುತ್ತದೆ. 1876ರಿಂದ 78ರವರೆಗೆ ಸಂಸ್ಥಾನವನ್ನು ಸುಟ್ಟ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಲಕ್ಷಾಂತರ ಜನ ಸತ್ತಿದ್ದರು. ಐವತ್ತು ವರ್ಷ ಬ್ರಿಟಿಷ್ ಕಮಿಷನರ ಕೈಯಲ್ಲಿದ್ದ ರಾಜ್ಯ 1881ರ ಮಾರ್ಚ್ 25ರಂದು ಒಡೆಯರಿಗೆ ಮರಳಿ ಬಂದಿತ್ತು. ಹತ್ತನೆಯ ಚಾಮರಾಜೇಂದ್ರ ಒಡೆಯರ್ ಇನ್ನೂ ಹದಿಹರೆಯದವರು. ಪಟ್ಟಕ್ಕೆ ಬಂದ ಐದೇ ತಿಂಗಳಲ್ಲಿ, ಆಗಸ್ಟ್ 25ರಂದು, ಈ ಸಭೆಯನ್ನು ಕರೆಯುವ ಆಜ್ಞೆ ಹೊರಟಿತು. ಬ್ರಿಟಿಷ್ ಇಂಡಿಯಾದಲ್ಲೂ ಇಂಥ ಸಭೆ ಆಗ ಇರಲಿಲ್ಲ.

ಆದರೆ ಆ ಸಭೆಯಲ್ಲಿ ಪ್ರಶ್ನೆ ಇರಲಿಲ್ಲ. ಇದ್ದದ್ದು ಅರಿಕೆ. ದಿವಾನರ ಭಾಷಣ ಮುಗಿದ ಮೇಲೆ ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಕಷ್ಟಗಳನ್ನು ಮುಂದಿಡುತ್ತಿದ್ದರು: ಏರಿ ಒಡೆದ ಕೆರೆ, ಹೆಚ್ಚಾದ ಕಂದಾಯ, ದನ ಮೇಯಿಸಲು ಬಿಡದ ಅರಣ್ಯ ಇಲಾಖೆ, ಮಳೆಗಾಲದಲ್ಲಿ ಗಾಡಿ ಹೂತುಹೋಗುವ ರಸ್ತೆ. ದಿವಾನರು ಕೇಳಿಸಿಕೊಳ್ಳುತ್ತಿದ್ದರು, ಒಮ್ಮೊಮ್ಮೆ ಅಲ್ಲೇ ಸಮಾಧಾನ ಹೇಳುತ್ತಿದ್ದರು. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲವೆಂದು ಹೇಳುವ ಕಟ್ಟುಪಾಡು ಅವರಿಗಿರಲಿಲ್ಲ. ಅರಿಕೆ ಮಾಡಿದವನು ಉತ್ತರಕ್ಕೆ ಕಾಯಬೇಕು. ಪ್ರಶ್ನೆ ಕೇಳಿದರೆ ಮಾತ್ರ ಉತ್ತರ ಕೊಡಬೇಕಾದವನು ಎದ್ದು ನಿಲ್ಲಬೇಕಾಗುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಬರಲು ಮೈಸೂರಿಗೆ ಮೂರು ದಶಕಗಳೇ ಬೇಕಾದವು.

ಪ್ರಶ್ನೆಯೆಂದರೆ ಅಧಿಕಾರಕ್ಕೆ ಎಷ್ಟು ಅಳುಕು ಎಂಬುದಕ್ಕೆ ಅದಕ್ಕೂ ಹಿಂದಿನ ಒಂದು ನಿದರ್ಶನವಿದೆ. ಅದು ನಡೆದದ್ದು ಕಲ್ಕತ್ತೆಯಲ್ಲಿ, ಆದರೆ ಅದರ ಬೇರು ಶ್ರೀರಂಗಪಟ್ಟಣದಲ್ಲಿತ್ತು. ಟಿಪ್ಪು ಸುಲ್ತಾನನ ಮಕ್ಕಳನ್ನು ವೆಲ್ಲೂರಿನ ಸಿಪಾಯಿ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಲಾಗಿತ್ತು. ಅವರ ವಂಶಸ್ಥರಿಗೆ ಕೊಡಬೇಕಾದ ಹಣದ ವಿಷಯ 1860ರಲ್ಲಿ ಅಲ್ಲಿನ ಶಾಸನ ಸಭೆಯ ಮುಂದೆ ಬಂತು. 1853ರ ಚಾರ್ಟರ್ ಕಾಯಿದೆಯಿಂದ ರೂಪುಗೊಂಡ ಆ ಪುಟ್ಟ ಸಭೆಯಲ್ಲಿ ಚುನಾಯಿತನಾದವನು ಒಬ್ಬನೂ ಇರಲಿಲ್ಲ. ಎಲ್ಲರೂ ಅಧಿಕಾರಿಗಳು, ನ್ಯಾಯಾಧೀಶರು. ಆದರೂ ಅದು ಲಂಡನ್ನಿನ ಪಾರ್ಲಿಮೆಂಟಿನ ರೀತಿನೀತಿಗಳನ್ನು ಮೈಗೂಡಿಸಿಕೊಂಡಿತ್ತು. ಮುಖ್ಯ ನ್ಯಾಯಾಧೀಶ ಸರ್ ಬಾರ್ನ್ಸ್ ಪೀಕಾಕ್ ಅವರಂಥ ಸದಸ್ಯರಿದ್ದ ಆ ಸಭೆ, ‘ಮೈಸೂರು ಅನುದಾನ’ದ ಬಗ್ಗೆ ಲಂಡನ್ನಿಗೂ ಕಲ್ಕತ್ತೆಗೂ ನಡುವೆ ನಡೆದ ಪತ್ರವ್ಯವಹಾರವನ್ನು ತನ್ನ ಮುಂದಿಡಿ ಎಂದು ಸರ್ಕಾರವನ್ನೇ ಕೇಳಿತು.

ಕೇಳಿದ್ದು ದುಬಾರಿಯಾಯಿತು. ಕಾನೂನು ಮಾಡಲೆಂದು ಕೂರಿಸಿದವರು ಆಡಳಿತದ ಕಡತ ತೆರೆಯಿಸಲು ಹೊರಟಿದ್ದಾರೆ ಎಂಬ ಅಸಮಾಧಾನ ಮೇಲಿನವರಲ್ಲಿ ಮೊದಲೇ ಇತ್ತು. 1861ರ ಇಂಡಿಯನ್ ಕೌನ್ಸಿಲ್ಸ್ ಕಾಯಿದೆ ಶಾಸನ ಸಭೆಗಳ ಕೆಲಸವನ್ನು ಮಸೂದೆಗಳಿಗಷ್ಟೇ ಸೀಮಿತಗೊಳಿಸಿತು. ಮುಂದಿನ 31 ವರ್ಷ ಭಾರತದ ಯಾವ ಶಾಸನ ಸಭೆಯಲ್ಲೂ ಸರ್ಕಾರವನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇರಲಿಲ್ಲ.

ಅತ್ತ ಇಂಗ್ಲೆಂಡಿನಲ್ಲಿ ಪ್ರಶ್ನೆ ಕೇಳುವ ಪದ್ಧತಿಗೆ ಆಗಲೇ ನೂರೈವತ್ತು ವರ್ಷ ಸಮೀಪಿಸುತ್ತಿತ್ತು. ದಾಖಲೆಯಲ್ಲಿರುವ ಮೊದಲ ಪ್ರಶ್ನೆ 1721ರ ಫೆಬ್ರವರಿ 9ರದು. ಸೌತ್ ಸೀ ಕಂಪನಿ ಕುಸಿದು ಸಾವಿರಾರು ಜನ ದುಡ್ಡು ಕಳೆದುಕೊಂಡಿದ್ದರು. ಕಂಪನಿಯ ಖಜಾಂಚಿ ರಾಬರ್ಟ್ ನೈಟ್ ದೇಶ ಬಿಟ್ಟು ಪರಾರಿಯಾಗಿದ್ದ. ಅವನು ಬ್ರಸೆಲ್ಸ್‌ನಲ್ಲಿ ಸೆರೆ ಸಿಕ್ಕಿದ್ದಾನೆಂಬ ಸುದ್ದಿ ನಿಜವೇ ಎಂದು ಲಾರ್ಡ್ಸ್ ಸಭೆಯಲ್ಲಿ ಅರ್ಲ್ ಕೌಪರ್ ಅವರು ಅರ್ಲ್ ಆಫ್ ಸಂಡರ್ಲೆಂಡ್ ಅವರನ್ನು ಕೇಳಿದರು. ಜನರ ಹಣ ನುಂಗಿದವನು ಎಲ್ಲಿದ್ದಾನೆ ಎಂಬುದೇ ಮೊದಲ ಪ್ರಶ್ನೆಯಾಗಿತ್ತು.

ಭಾರತದಲ್ಲಿ ಬಾಗಿಲು ತೆರೆದದ್ದು 1892ರ ಕಾಯಿದೆ. ಅದರಡಿಯಲ್ಲಿ ಕೇಂದ್ರದ ಶಾಸನ ಸಭೆಯಲ್ಲಿ ಮೊದಲ ಪ್ರಶ್ನೆಯನ್ನು 1893ರ ಫೆಬ್ರವರಿ 16ರಂದು ಕೇಳಿದವರು ಔಧ್ ಸೀಮೆಯ ಭಿಂಗಾ ಸಂಸ್ಥಾನದ ಅರಸರು. ಅವರು ಕಾಂಗ್ರೆಸ್ಸಿನವರಲ್ಲ, ಸರ್ಕಾರದ ವಿರೋಧಿಯೂ ಅಲ್ಲ. ಅವರೆತ್ತಿದ ವಿಷಯ ನಮ್ಮ ಹಳ್ಳಿಗಳಿಗೂ ಚೆನ್ನಾಗಿ ಗೊತ್ತಿದ್ದದ್ದು: ಸುತ್ತಾಟಕ್ಕೆ ಬರುವ ಅಧಿಕಾರಿಗಳಿಗೆ ಸಾಮಾನು ಒದಗಿಸುವ ಪದ್ಧತಿಯಿಂದ ಹಳ್ಳಿಯ ಅಂಗಡಿಕಾರರಿಗೆ ಆಗುತ್ತಿರುವ ತೊಂದರೆ. ಕನ್ನಡದಲ್ಲಿ ಇದಕ್ಕೆ ಸರಬರಾಯಿ ಎನ್ನುತ್ತಿದ್ದರು. ದೊರೆ ಡೇರೆ ಹಾಕಿದ ಕಡೆ ಹಾಲು, ತುಪ್ಪ, ಕೋಳಿ, ಸೌದೆ, ಕುದುರೆಗೆ ಹುಲ್ಲು ಎಲ್ಲವೂ ಬಂದು ಬೀಳಬೇಕು. ದುಡ್ಡು ಬಂದರೆ ಬಂತು, ಇಲ್ಲವಾದರೆ ಇಲ್ಲ. ಸಾಮ್ರಾಜ್ಯದ ರಾಜಧಾನಿಯಲ್ಲಿ, ವೈಸ್‌ರಾಯ್ ಅಧ್ಯಕ್ಷತೆಯ ಸಭೆಯಲ್ಲಿ, ಮೊತ್ತಮೊದಲು ಎದ್ದ ಪ್ರಶ್ನೆ ಒಬ್ಬ ಹಳ್ಳಿ ಅಂಗಡಿಯವನ ಪರವಾಗಿತ್ತು.

ಆದರೆ ಆ ಹಕ್ಕು ಅರ್ಧದ್ದು. ಮುಂಚಿತವಾಗಿ ಬರೆದು ಕೊಡಬೇಕು. ಸರ್ಕಾರ ಓದುವ ಉತ್ತರವನ್ನು ಕೇಳಿ ಸುಮ್ಮನೆ ಕೂರಬೇಕು. ಉತ್ತರ ಜಾರಿಕೆಯದಾದರೂ ಮರುಮಾತಿಲ್ಲ. 1909ರ ಮಿಂಟೋ-ಮಾರ್ಲೆ ಸುಧಾರಣೆ ಪ್ರಶ್ನೆ ಕೇಳಿದವರಿಗಷ್ಟೇ ಉಪಪ್ರಶ್ನೆಯ ಅವಕಾಶ ಕೊಟ್ಟಿತು. 1919ರ ಕಾಯಿದೆಯ ನಂತರ ಸಭೆಯಲ್ಲಿರುವ ಯಾವ ಸದಸ್ಯರಾದರೂ ಉಪಪ್ರಶ್ನೆ ಹಾಕಬಹುದು ಎಂದಾಯಿತು. ಬಾಯಿಮಾತಿನ ಉತ್ತರ ಬೇಕಾದ ಪ್ರಶ್ನೆಯ ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕುವ ರೂಢಿ 1921ರಲ್ಲಿ ಬಂತು. ಇಂದು ವಿಧಾನಸೌಧದಲ್ಲಿ ‘ಚುಕ್ಕೆ ಗುರುತಿನ ಪ್ರಶ್ನೆ’ ಎನ್ನುವಾಗಿನ ಚುಕ್ಕೆ ಆ ನೂರು ವರ್ಷದ ನಕ್ಷತ್ರವೇ.

ಉಪಪ್ರಶ್ನೆಗೆ ಇಷ್ಟು ಮಹತ್ವವೇಕೆ? ಮೊದಲ ಪ್ರಶ್ನೆಗೆ ಉತ್ತರ ಬರೆಯುವುದು ಕಚೇರಿ. ಗುಮಾಸ್ತರು, ಕಾರ್ಯದರ್ಶಿಗಳು ದಿನಗಟ್ಟಲೆ ಕೂತು, ಎಲ್ಲೂ ಸಿಕ್ಕಿಹಾಕಿಕೊಳ್ಳದಂತೆ ವಾಕ್ಯಗಳನ್ನು ಹೊಸೆದಿರುತ್ತಾರೆ. ಎರಡನೆಯ ಪ್ರಶ್ನೆ ಸಚಿವರಿಗೆ ಸದನದಲ್ಲೇ ಎದುರಾಗುತ್ತದೆ. ಇಲಾಖೆ ಅವರಿಗೆ ಗೊತ್ತಿದೆಯೋ ಇಲ್ಲವೋ ಎಂಬುದು ಆ ಅರೆನಿಮಿಷದಲ್ಲಿ ಎಲ್ಲರಿಗೂ ಕಾಣುತ್ತದೆ.

ಮೈಸೂರಿನಲ್ಲಿ 1907ರಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪನೆಯಾಯಿತು. ಅದಕ್ಕೆ ಸರ್ಕಾರವನ್ನು ಪ್ರಶ್ನಿಸುವ, ಆಯವ್ಯಯವನ್ನು ಚರ್ಚಿಸುವ ಅಧಿಕಾರ ದೊರೆತದ್ದು 1914ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೂ ಶಾಸನದ ಆಧಾರ ಸಿಕ್ಕಿತು. ಅಲ್ಲಿಯವರೆಗೆ ಅದು ನಿಂತಿದ್ದದ್ದು ಮಹಾರಾಜರ ಆಜ್ಞೆಯ ಮೇಲೆ ಮಾತ್ರ. ಅರಿಕೆಯ ಜಾಗಕ್ಕೆ ಪ್ರಶ್ನೆ ಬಂದಿತ್ತು. ಆದರೂ ಒಂದು ತೊಡಕು ಉಳಿದೇ ಇತ್ತು. ಸರ್ಕಾರದ ಮುಖ್ಯಸ್ಥರಾಗಿ ಉತ್ತರ ಕೊಡಬೇಕಾದ ದಿವಾನರೇ ಅಧ್ಯಕ್ಷ ಪೀಠದಲ್ಲೂ ಇರುತ್ತಿದ್ದರು. ಉತ್ತರ ಸಾಲದೆಂದು ಸಭೆಗೆ ಅನ್ನಿಸಿದರೂ ಅವರನ್ನು ಇಳಿಸುವಂತಿರಲಿಲ್ಲ. ದಿವಾನರು ಹೊಣೆಯಾಗಿದ್ದದ್ದು ಮಹಾರಾಜರಿಗೆ.

ಆ ತೊಡಕು ಬಿಡಿಸಿಕೊಂಡದ್ದು ಸಂವಿಧಾನದಿಂದ. ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ ಎಂಬ ಒಂದು ಸಾಲು ಎಲ್ಲವನ್ನೂ ಬದಲಿಸಿತು. 1952ರ ಜೂನ್ 18ರಂದು ಹೊಸ ಮೈಸೂರು ವಿಧಾನಸಭೆ ಬೆಂಗಳೂರಿನ ಅಠಾರಾ ಕಚೇರಿಯಲ್ಲಿ, ಈಗ ಹೈಕೋರ್ಟ್ ಇರುವ ಕೆಂಪು ಕಟ್ಟಡದಲ್ಲಿ, ಮೊದಲ ಸಲ ಸೇರಿತು. ವಿಧಾನಸೌಧದ ಗೋಡೆಗಳು ಆಗಿನ್ನೂ ಏಳುತ್ತಿದ್ದವು. ಸಭಾಧ್ಯಕ್ಷರ ಸ್ಥಾನಕ್ಕೆ ಕಾಂಗ್ರೆಸ್ಸಿನ ಎಚ್. ಸಿದ್ಧಯ್ಯ ಆಯ್ಕೆಯಾದರು. ಅವರ ಎದುರು ನಿಂತು ಸೋತವರು ಸಾಗರ-ಹೊಸನಗರದಿಂದ ಗೆದ್ದು ಬಂದಿದ್ದ 29 ವರ್ಷದ ಸಮಾಜವಾದಿ, ಶಾಂತವೇರಿ ಗೋಪಾಲಗೌಡ.

ಗೋಪಾಲಗೌಡರು ಸದನಕ್ಕೆ ಬಂದದ್ದು ಕಾಗೋಡು ಸತ್ಯಾಗ್ರಹದ ಹಿನ್ನೆಲೆಯಿಂದ. 1951ರ ಆ ಹೋರಾಟದ ನಡುವೆ ಇದ್ದದ್ದು ಕೊಳಗವೆಂಬ ಒಂದು ಅಳತೆ ಪಾತ್ರೆ. ಗೇಣಿ ಭತ್ತ ಅಳೆಯುವಾಗ ಜಮೀನು ಒಡೆಯರ ಕೊಳಗ ದೊಡ್ಡದು. ಕೊಳಗಕ್ಕೊಂದಷ್ಟು ಹೆಚ್ಚು ಭತ್ತ ಒಡೆಯರ ಕಣಜ ಸೇರಿದಂತೆಲ್ಲ ಗೇಣಿದಾರನ ಮನೆಯ ಅನ್ನ ಕಡಿಮೆಯಾಗುತ್ತಿತ್ತು. ಆ ಕೊಳಗದ ಜಗಳ ಕಣದಿಂದ ಜೈಲಿಗೆ, ಜೈಲಿನಿಂದ ಶಾಸನಸಭೆಗೆ ನಡೆದು ಬಂತು. ವಿರೋಧ ಪಕ್ಷದ ಬೆಂಚುಗಳು ಬರಿದಾಗಿದ್ದ ಕಾಲದಲ್ಲಿ ಗೇಣಿದಾರರ ಹಕ್ಕು, ಕನ್ನಡದ ಸ್ಥಾನ, ರಾಜ್ಯದ ಹೆಸರು ಇವನ್ನೆಲ್ಲ ಗೋಪಾಲಗೌಡರು ಸರ್ಕಾರದ ಮುಂದೆ ಎತ್ತುತ್ತಲೇ ಹೋದರು. 1972ರಲ್ಲಿ ಅವರು ತೀರಿಕೊಂಡರು. ಮರುವರ್ಷ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಅದರ ಮರುವರ್ಷ, ದೇವರಾಜ ಅರಸು ಅವರ ಸರ್ಕಾರದಲ್ಲಿ, ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡುವ ಭೂಸುಧಾರಣೆ ತಿದ್ದುಪಡಿ ಜಾರಿಯಾಯಿತು.

ಅದೇ ಕಾಗೋಡಿನ ಹೆಸರು ಹೊತ್ತ ಕಾಗೋಡು ತಿಮ್ಮಪ್ಪನವರು 2013ರಲ್ಲಿ ವಿಧಾನಸಭಾಧ್ಯಕ್ಷರಾದರು. ತಮ್ಮದೇ ಪಕ್ಷದ ಸರ್ಕಾರವಿದ್ದರೂ ಸಚಿವರನ್ನು ಪೀಠದಿಂದಲೇ ತರಾಟೆಗೆ ತೆಗೆದುಕೊಳ್ಳುವವರೆಂದು ಹೆಸರಾದವರು ಅವರು. 2016ರಲ್ಲಿ ಅವರೇ ಕಂದಾಯ ಸಚಿವರಾಗಿ ಉತ್ತರ ಕೊಡುವ ಸಾಲಿಗೆ ಬಂದು ಕುಳಿತರು.

ಉಪಪ್ರಶ್ನೆಯ ಬಲ ಇಡೀ ದೇಶಕ್ಕೆ ಕಂಡದ್ದು ಮುಂಧ್ರಾ ಹಗರಣದಲ್ಲಿ. ಜೀವ ವಿಮಾ ನಿಗಮ ಹುಟ್ಟಿ ಇನ್ನೂ ವರ್ಷವೂ ತುಂಬಿರಲಿಲ್ಲ. 1957ರ ಜೂನ್‌ನಲ್ಲಿ ಅದು ಕಲ್ಕತ್ತೆಯ ಹರಿದಾಸ್ ಮುಂಧ್ರಾನ ಆರು ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗೆ ಕೊಂಡಿತು. ಅದು ಪಾಲಿಸಿದಾರರ ದುಡ್ಡು. ಲೋಕಸಭೆಯಲ್ಲಿ ರಾಮ್ ಸುಭಗ್ ಸಿಂಗ್, ಫಿರೋಜ್ ಗಾಂಧಿ ಮೊದಲಾದವರು ಈ ಖರೀದಿಯನ್ನು ಪ್ರಶ್ನಿಸಿದರು. ಈ ಇಬ್ಬರೂ ಆಳುವ ಪಕ್ಷದವರೇ. ಫಿರೋಜ್ ಅಂತೂ ಪ್ರಧಾನಿ ನೆಹರೂ ಅವರ ಅಳಿಯ. ಒಂದು ಉತ್ತರಕ್ಕೂ ಇನ್ನೊಂದಕ್ಕೂ ಹೊಂದಿಕೆಯಾಗದೆ ಹೋದಾಗ ಫಿರೋಜ್ ಡಿಸೆಂಬರ್ 16ರಂದು ಎಲ್ಲ ಎಳೆಗಳನ್ನೂ ಸೇರಿಸಿ ಸದನದ ಮುಂದಿಟ್ಟರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಈ ಹಕ್ಕಿಗೆ ಕಳಂಕವೂ ಅಂಟಿದೆ. 1951ರಲ್ಲಿ ಎಚ್.ಜಿ. ಮುದ್ಗಲ್ ಎಂಬ ಸಂಸದರು ಮುಂಬಯಿಯ ಚಿನ್ನ-ಬೆಳ್ಳಿ ವ್ಯಾಪಾರಿಗಳ ಸಂಘದ ಪರವಾಗಿ ಪ್ರಶ್ನೆ ಎತ್ತಿದ ಪ್ರಕರಣದಲ್ಲಿ ಸ್ಥಾನ ಕಳೆದುಕೊಂಡರು. 2005ರ ಡಿಸೆಂಬರ್‌ನಲ್ಲಿ, ದುಡ್ಡು ಪಡೆದು ಪ್ರಶ್ನೆ ಕೇಳಲು ಒಪ್ಪಿದ್ದಕ್ಕಾಗಿ 11 ಸಂಸದರನ್ನು ಸಂಸತ್ತು ಹೊರಹಾಕಿತು. ಪ್ರಶ್ನೆಯ ವೇಳೆಯೇ ಇಲ್ಲವಾದ ಸಂದರ್ಭಗಳೂ ಇವೆ: 1962ರ ಚೀನಾ ಯುದ್ಧದ ದಿನಗಳು, ತುರ್ತು ಪರಿಸ್ಥಿತಿ, 2020ರ ಕೊರೊನಾ ಕಾಲದ ಮುಂಗಾರು ಅಧಿವೇಶನ. ಆ ಮುಂಗಾರಿನಲ್ಲಿ ಲಿಖಿತ ಉತ್ತರಗಳು ಬಂದವು, ಉಪಪ್ರಶ್ನೆ ಬರಲಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಕಾಲದಲ್ಲಿ ಈ ಅವಧಿಯನ್ನು ನುಂಗುತ್ತಿರುವುದು ಗದ್ದಲ. ಸದನದ ಬಾವಿಗಿಳಿದು ಕೂಗುವವರ ನಡುವೆ, ವಾರಗಟ್ಟಲೆ ಕಾದು ಸರದಿ ಬಂದ ಸದಸ್ಯರ ಪ್ರಶ್ನೆ ಮುದ್ರಿತ ಪಟ್ಟಿಯಲ್ಲೇ ಉಳಿದುಹೋಗುತ್ತದೆ. ಆ ನಷ್ಟ ಅವರ ಕ್ಷೇತ್ರದ ಜನರದು.

ಕರ್ನಾಟಕ ವಿಧಾನಸಭೆಯ ಒಂದು ಉತ್ತರ ಪತ್ರವನ್ನು ಹತ್ತಿರದಿಂದ ನೋಡಿದರೆ ಈ ಉದ್ದನೆಯ ಚರಿತ್ರೆಯೆಲ್ಲ ಒಂದೇ ಹಾಳೆಯಲ್ಲಿ ಕಾಣುತ್ತದೆ. ತಲೆಯಲ್ಲಿ ಸದಸ್ಯರ ಹೆಸರು, ಪ್ರಶ್ನೆಯ ಸಂಖ್ಯೆ, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಅಂಕಣ. ಎಡಕ್ಕೆ ಅ, ಆ, ಇ ಎಂದು ಬಿಡಿಸಿದ ಪ್ರಶ್ನೆ, ಬಲಕ್ಕೆ ಉತ್ತರ. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದಿದ್ದರೆ ಎದುರಿಗೆ ‘ಬಂದಿದೆ’. ‘ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಎಂದಿದ್ದರೆ ‘ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ’. ಒಮ್ಮೊಮ್ಮೆ ‘ಪರಿಶೀಲನೆಯಲ್ಲಿದೆ’, ಒಮ್ಮೊಮ್ಮೆ ‘ಉದ್ಭವಿಸುವುದಿಲ್ಲ’. ನಿಜವಾದ ಉತ್ತರ ಬಹಳಷ್ಟು ಸಲ ಇರುವುದು ಅನುಬಂಧದಲ್ಲಿ, ಊರೂರಿನ ಹೆಸರು ಬರೆದ ಆ ಕೋಷ್ಟಕದಲ್ಲಿ.

ಆ ಕೋಷ್ಟಕ ತುಂಬುವವರು ಬೆಂಗಳೂರಿನಲ್ಲಿಲ್ಲ. ಅಧಿವೇಶನ ಹತ್ತಿರವಾದಂತೆ ತಾಲ್ಲೂಕು ಕಚೇರಿಗಳಲ್ಲಿ ‘ಎಲ್‌ಎಕ್ಯೂ ಬಂದಿದೆ’ ಎಂಬ ಮಾತು ಟೇಬಲಿನಿಂದ ಟೇಬಲಿಗೆ ಹಾಯುತ್ತದೆ. ವಿಧಾನಸಭೆಯ ಪ್ರಶ್ನೆಗೆ ಕಚೇರಿಯವರು ಇಟ್ಟ ಹೆಸರದು. ಪರಿಷತ್ತಿನದಾದರೆ ಎಲ್‌ಸಿಕ್ಯೂ. ಉಳಿದ ಕಡತಗಳು ಪಕ್ಕಕ್ಕೆ ಸರಿಯುತ್ತವೆ. ಎಷ್ಟು ಶಾಲೆಗಳ ಚಾವಣಿ ಸೋರುತ್ತಿದೆ, ಎಷ್ಟು ಕೆರೆ ಒತ್ತುವರಿಯಾಗಿದೆ, ಸಂಜೆಯೊಳಗೆ ಮಾಹಿತಿ ಬೇಕು ಎಂದು ಹಳ್ಳಿಗಳಿಗೆ ಫೋನು ಹೋಗುತ್ತದೆ. ಎಷ್ಟೋ ದಿನದಿಂದ ಯಾರೂ ಎಣಿಸದಿದ್ದದ್ದನ್ನು ಅಂದು ಎಣಿಸಲಾಗುತ್ತದೆ.

ಕೆಲವು ದಿನಗಳ ನಂತರ ಸದನದಲ್ಲಿ ಸದಸ್ಯರು ಎದ್ದು ತಮ್ಮ ಪ್ರಶ್ನೆಯ ಸಂಖ್ಯೆ ಹೇಳುತ್ತಾರೆ. ಉತ್ತರ ಒದಗಿಸಿದೆ ಎಂದು ಸಚಿವರು ಹೇಳಿ ಕೂರುತ್ತಾರೆ. ಸದಸ್ಯರು ಅನುಬಂಧದ ಹಾಳೆ ತಿರುವಿ, ಪಟ್ಟಿಯ ಮೇಲೆ ಬೆರಳಾಡಿಸುತ್ತಾ, ಮಾನ್ಯ ಸಭಾಧ್ಯಕ್ಷರೇ, ಇದರಲ್ಲಿ ನನ್ನ ತಾಲ್ಲೂಕಿನ ಇಂಥ ಊರಿನ ಶಾಲೆಯ ಹೆಸರೇ ಇಲ್ಲವಲ್ಲ, ಯಾಕೆ ಎಂದು ಕೇಳುತ್ತಾರೆ. ಸಚಿವರು ಮತ್ತೆ ಎದ್ದು ನಿಲ್ಲುತ್ತಾರೆ.